ಗಿರಣಿ ಗೋಡೆಯ ಯಾಳಿ

ನಮ್ಮೂರಿನ ಸಂತೆಬಯಲಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಏಳುನೆಲೆಯ ಅರಮನೆಯ ನೆರಳು ಸೊಪ್ಪಿನವರ ಸಾಲಿನ ಮೇಲೆ ಬಂದು ಕೂರುತ್ತದೆ. ಅರಮನೆ ಇಲ್ಲ. ಅದು ಬಿದ್ದುಹೋಗಿ ಎಷ್ಟು ಕಾಲವಾಯಿತು ಎಂಬುದಕ್ಕೆ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ. ನಾನು ಯಾವುದನ್ನೂ ಖಚಿತವಾಗಿ ಹೇಳಲಾರೆ. ನೆರಳು ಮಾತ್ರ ಮೋಡದ ದಿನಗಳನ್ನು ಬಿಟ್ಟರೆ ಒಂದು ದಿನವೂ ಬರುವುದನ್ನು ತಪ್ಪಿಸಿಲ್ಲ. ಅದರ ತಂಪನ್ನು ನಂಬಿ ಸೊಪ್ಪಿನವರು ಮೆಂತ್ಯ, ರಾಜಗಿರಿ, ಪುಂಡಿಯ ಕಟ್ಟುಗಳನ್ನು ಹರಡಿಕೊಂಡು ಕೂತಿರುತ್ತಾರೆ. ಹನ್ನೊಂದರ ಹೊತ್ತಿಗೆ ನೆರಳು ಹಿಂದೆ ಸರಿಯುತ್ತಿದ್ದ ಹಾಗೆ ಅವರೂ ಬುಟ್ಟಿ ಎಳೆದುಕೊಂಡು ಸರಿಯುತ್ತಾರೆ. ಅವರು ಬಿಟ್ಟ ಬಿಸಿಲಿಗೆ ಮೆಣಸಿನಕಾಯಿಯವರು ಬಂದು ತಾಡಪತ್ರಿ ಹಾಸುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಅರಮನೆ ತನ್ನ ಬುನಾದಿಯಷ್ಟೇ ಜಾಗದಲ್ಲಿ ಮುದುಡಿಕೊಳ್ಳುತ್ತದೆ. ಆ ಬುನಾದಿಯ ಒಳಗೆ ಹಗಲಿಡೀ ಬಿಸಿಲು ಬೀಳುವುದಿಲ್ಲವಾದ್ದರಿಂದ ಅಲ್ಲಿ ಬೇರೇನೂ ಬೆಳೆಯುವುದಿಲ್ಲ. ಎಲೆಬಳ್ಳಿ ಮಾತ್ರ ಸೊಗಸಾಗಿ ಬರುತ್ತದೆ. ಅರಸರು ಓಲಗ ಕೊಡುತ್ತಿದ್ದ ಜಾಗದ ಎಲೆ ಎಂದು ನಮ್ಮೂರ ವೀಳ್ಯದೆಲೆಗೆ ಸುತ್ತಲಿನ ಊರುಗಳಲ್ಲಿ ಒಳ್ಳೆಯ ಹೆಸರಿದೆ.

ಆ ನೆರಳಿನ ಅಂಚಿಗೆ ದಿನಾ ಬೆಳಿಗ್ಗೆ ಸುಣ್ಣದ ಪುಡಿಯ ಗೆರೆ ಎಳೆಯುವುದು ನನ್ನ ಕೆಲಸ. ಪುರಸಭೆಯ ಹಾಜರಿ ಪುಸ್ತಕದಲ್ಲಿ ನನ್ನ ಹುದ್ದೆಗೆ ಉದ್ದನೆಯ ಹೆಸರೊಂದಿದೆ. ಊರವರು ಗೆರೆ ಎಳೆಯುವ ಅಮ್ಮ ಎಂಬ ಮರ್ಯಾದೆಗೆ ಗೆರೆ ಬಾಯಾರು ಎನ್ನುತ್ತಾರೆ. ಗೆರೆ ನೋಡಿಕೊಂಡು ವ್ಯಾಪಾರದವರು ಜಾಗ ಹಿಡಿಯುತ್ತಾರೆ, ಗಾಡಿಯವರು ಗಾಡಿ ನಿಲ್ಲಿಸುತ್ತಾರೆ. ಗೆರೆಯ ಮೇಲೆ ಯಾರೂ ಏನನ್ನೂ ಎತ್ತರಕ್ಕೆ ಕಟ್ಟುವಂತಿಲ್ಲ, ಕಟ್ಟಿದರೆ ನೆರಳು ಮುರಿಯುತ್ತದೆ. ಹಾಗಾಗಿ ನಮ್ಮೂರಿನಲ್ಲಿ ಎಷ್ಟೇ ಉಳ್ಳವರಾದರೂ ಮನೆಗೆ ಮಾಳಿಗೆಯ ಮೇಲೆ ಮಾಳಿಗೆ ಹಾಕುವುದಿಲ್ಲ. ಹೊಸದಾಗಿ ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ ಹಪ್ಪಳ ಒಣಗಿಸುವ ಜಾಗದ ಜೊತೆಗೆ ಹೊತ್ತನ್ನೂ ಅತ್ತೆಯಂದಿರು ಕಲಿಸಿಕೊಡುತ್ತಾರೆ. ಇನ್ನೊಂದು ಕಟ್ಟುಪಾಡಿದೆ. ನೆರಳನ್ನು ಕೋಲಿನಿಂದಾಗಲಿ ಹಗ್ಗದಿಂದಾಗಲಿ ಟೇಪಿನಿಂದಾಗಲಿ ಅಳೆಯಬಾರದು. ಮಲಗಿದವರ ಮೈ ಅಳೆದ ಹಾಗೆ, ಅದು ಕೇಡು ಎಂದು ನಂಬಿಕೆ. ಅಳೆಯಲೇಬೇಕಾದರೆ ಗೆರೆಯವರು ತಮ್ಮ ಕೈಯಿಂದ ಅಳೆಯಬೇಕು: ಮೊಳ, ಗೇಣು, ಬೆರಳು. ಈ ಕೈಗೆ ಹದಿನೆಂಟು ವರ್ಷಗಳಿಂದ ಅದೇ ಕೆಲಸ.

ನಾನು ಸಂಜೆ ಕಾಲೇಜಿನಲ್ಲಿ ಓದಿದವಳು. ಐದೂವರೆಯ ಇತಿಹಾಸದ ಪಾಠದ ಹೊತ್ತಿಗೆ ಸರಿಯಾಗಿ ಆನೆಬಾಗಿಲಿನ ನೆರಳು ಕಿಟಕಿಯಿಂದ ಒಳಗೆ ಬಂದು ಕರಿಹಲಗೆಯನ್ನು ಮುಚ್ಚುತ್ತಿತ್ತು. ಮೇಷ್ಟ್ರು ಬರೆಯುವುದನ್ನು ನಿಲ್ಲಿಸಿ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಬಾಗಿಲಿನ ಕಮಾನು, ಅದರ ಮೇಲಿನ ಕಳಶಗಳು, ಕಳಶಗಳ ನಡುವಿನ ಹಂಸಗಳ ಸಾಲು ಹಲಗೆಯ ಮೇಲೆ ಎಡದಿಂದ ಬಲಕ್ಕೆ ನಿಧಾನವಾಗಿ ಹಾದುಹೋಗುವವರೆಗೆ ನಾವೂ ಸುಮ್ಮನಿರುತ್ತಿದ್ದೆವು. ಆ ಮೌನದಲ್ಲಿ ಕಲಿತಷ್ಟನ್ನು ಪಾಠದಲ್ಲಿ ಕಲಿತೆನೋ ಇಲ್ಲವೋ ಹೇಳಲಾರೆ. ಹೊರಗಿನಿಂದ ಬಂದ ವಿದ್ವಾಂಸರು ಅರಮನೆಯ ಗೋಡೆಗೆ ಯಾವ ಬಣ್ಣವಿತ್ತು ಎಂದು ನನ್ನನ್ನು ಕೇಳುತ್ತಾರೆ. ಬಳೆಗಾರರ ಓಣಿಯವರು ಹಸಿರು ಎನ್ನುತ್ತಾರೆ, ನೇಕಾರರು ಕೆಂಪು ಎಂದು ಆಣೆ ಮಾಡುತ್ತಾರೆ. ನನಗೆ ಗೊತ್ತಿಲ್ಲವೆಂದೇ ನಾನು ಹೇಳುವುದು. ನನಗೆ ಗೊತ್ತಿರುವುದು ಅಂಚು ಮಾತ್ರ. ಆದರೆ ಎಂಥ ಅಂಚು! ಐದನೆಯ ನೆಲೆಯ ಜಾಲಂಧ್ರದ ನೆರಳು ಫಾಲ್ಗುಣದಲ್ಲಿ ಆಸ್ಪತ್ರೆಯ ಅಂಗಳಕ್ಕೆ ಬಿದ್ದಾಗ ಬಾಣಂತಿಯರು ಕೂಸುಗಳನ್ನು ಅದರ ಕೆಳಗೆ ಮಲಗಿಸುತ್ತಾರೆ. ಕೂಸುಗಳ ಮೈಮೇಲೆಲ್ಲ ಬೆಳಕಿನ ಮಲ್ಲಿಗೆ ಮೊಗ್ಗುಗಳು. ತುದಿಯಲ್ಲಿರುವ ಧ್ವಜ, ಇಲ್ಲಿ ಎಲೆ ಅಲುಗದ ದಿನವೂ ನೆಲದ ಮೇಲೆ ಪಟಪಟನೆ ಆಡುತ್ತಿರುತ್ತದೆ. ಅದು ಯಾವ ಕಾಲದ ಗಾಳಿಯೋ. ಇಷ್ಟೆಲ್ಲ ಇದ್ದೂ ಮನುಷ್ಯರ ನೆರಳು ಮಾತ್ರ ಒಂದೂ ಇಲ್ಲ. ಕಟ್ಟಿಸಿದವರದೂ ಇಲ್ಲ, ಕಟ್ಟಿದವರದೂ ಇಲ್ಲ.

ನಾನು ಹೇಳಬೇಕಾದದ್ದು ಯಾಳಿಯ ವಿಷಯ. ಅರಮನೆಯ ಮೂರನೆಯ ನೆಲೆಯ ಸೂರಿಗೆ ಆಸರೆಯಾಗಿ ಒಂದು ಕಲ್ಲಿನ ಯಾಳಿ ಇತ್ತು. ಹಿಂಗಾಲಿನ ಮೇಲೆ ನಿಂತು ಮುಂಗಾಲು ಎತ್ತಿದ, ಸಿಂಹದ ಮೈಯಿನ, ಬಾಯಿ ತೆರೆದ ಪ್ರಾಣಿ. ಅದರ ನೆರಳು ವರ್ಷವಿಡೀ ದೊಡ್ಡ ನೆರಳಿನ ಒಳಗೆ ಕರಗಿರುತ್ತದೆ. ಮಾರ್ಗಶಿರದ ಒಂದೇ ಒಂದು ದಿನ ಬೆಳಿಗ್ಗೆ ಏಳೂವರೆಗೆ ಸಂತೆಬಯಲಿನ ಪಡುವಣ ತುದಿಯಲ್ಲಿರುವ ಹಿಟ್ಟಿನ ಗಿರಣಿಯ ಗೋಡೆಯ ಮೇಲೆ ಅದು ಬಿಡಿಯಾಗಿ ಮೂಡುತ್ತದೆ. ಹಂಡೆ ನೀರು ಕಾಯುವಷ್ಟು ಹೊತ್ತು ಇರುತ್ತದೆ. ಉಗುರುಗಳನ್ನು ಎಣಿಸಬಹುದು. ಕೊರಳಿನ ಗೆಜ್ಜೆಗಳನ್ನು, ನಾಲಿಗೆಯ ತುದಿಯನ್ನು ನೋಡಬಹುದು. ಗಿರಣಿಯ ವೀರಭದ್ರಪ್ಪ ಆ ದಿನಕ್ಕೆಂದೇ ಪ್ರತಿ ವರ್ಷ ಗೋಡೆಗೆ ಹೊಸದಾಗಿ ಸುಣ್ಣ ಬಳಿಸುತ್ತಾರೆ, ಆ ಹೊತ್ತಿಗೆ ಗಿರಣಿ ನಿಲ್ಲಿಸುತ್ತಾರೆ.

ಕಲ್ಲು ಕಡೆಯುವ ಮೌನೇಶಪ್ಪನವರು ಆ ಯಾಳಿಯನ್ನು ಮೊದಲ ಸಲ ನೋಡಿದ್ದು ತಮ್ಮ ತಂದೆಯ ಹೆಗಲ ಮೇಲೆ ಕೂತು. ಅವರು ಗಿಡ್ಡ ಆಳು, ಕಟ್ಟುಮಸ್ತಾದ ಮೈ. ಜೀವನಕ್ಕಾಗಿ ಒರಳು, ಬೀಸುಕಲ್ಲು, ತುಳಸಿಕಟ್ಟೆ, ಗೋರಿಗಲ್ಲು ಮಾಡಿಕೊಡುತ್ತಿದ್ದರು. ಹದಿನಾರು ವರ್ಷಗಳ ಹಿಂದೆ ಒಂದು ದಿನ ಕಚೇರಿಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಯಾಳಿಯ ಅಳತೆ ಬೇಕಿತ್ತು ಎಂದರು. ಯಾಕೆ ಎಂದು ಕೇಳಿದೆ. ಅಂಥದ್ದೇ ಒಂದನ್ನು ಕಡೆದು, ಅದು ಇದ್ದ ಜಾಗದಲ್ಲೇ ಅಷ್ಟೇ ಎತ್ತರಕ್ಕೆ ಏರಿಸಿ, ಹಳೆಯ ನೆರಳಿನ ಮೇಲೆ ಹೊಸ ನೆರಳು ಕೂಡುತ್ತದೋ ಇಲ್ಲವೋ ನೋಡಬೇಕು ಎಂದರು. ಕೂಡಿದರೆ ಏನಾಗುತ್ತದೆ ಎಂದು ಕೇಳಿದೆ.

"ನಂದ್ಯಾವುದು ಅವರದ್ಯಾವುದು ಅಂತ ಯಾರಿಗೂ ತಿಳೀಬಾರದು ಬಾಯಾರ. ಅಷ್ಟ ಆದ್ರ ಸಾಕು."

ನೆರಳಿನ ಅಳತೆಗಳನ್ನು ಬರೆದಿಡುವ ದಫ್ತರ ತೆಗೆದು, ನಾನೇ ಅಳೆದು ಬರೆದಿದ್ದ ಯಾಳಿಯ ಪುಟಗಳನ್ನು ಎರಡು ದಿನ ಕೂತು ನಕಲು ಮಾಡಿದೆ. ನೆತ್ತಿಯಿಂದ ಹಿಂಗಾಲಿನ ಹಿಮ್ಮಡಿಗೆ ಮೂರು ಮೊಳ ಒಂದು ಗೇಣು. ದವಡೆಯಿಂದ ದವಡೆಗೆ ಒಂದು ಗೇಣು ಎರಡು ಬೆರಳು. ಹೀಗೆ ನಲವತ್ತೆಂಟು ಅಳತೆಗಳು. ನಾಲ್ಕು ಸಲ ತಾಳೆ ನೋಡಿದೆ. ಕೊಟ್ಟ ಮೇಲೂ ಸಮಾಧಾನವಾಗದೆ, ಅವರ ಮನೆಗೆ ಹೋಗಿ ಒಂದು ಕಡೆ ಎಂಟು ಏಳಾಗಿ ಕಾಣುವಂತಿದೆ ಎಂದು ತಿದ್ದಿಸಿ ಬಂದೆ. ಅಲ್ಲಿಂದಾಚೆಗೆ ಪ್ರತಿ ವರ್ಷ ಆ ದಿನ ಗೋಡೆಯ ಹತ್ತಿರ ಹೋಗಿ ಮತ್ತೆ ಅಳೆಯುತ್ತಿದ್ದೆ. ಪ್ರತಿ ವರ್ಷವೂ ಅದೇ ಅಳತೆ ಬರುತ್ತಿತ್ತು. ಅವರ ಅಂಗಳಕ್ಕೆ ಹೋಗಿ ಹೇಳಿದರೆ ಅವರು ತಲೆಯಾಡಿಸಿ ಕೆಲಸ ಮುಂದುವರಿಸುತ್ತಿದ್ದರು. ಕರಿಕಲ್ಲಿನಿಂದ ಮೊದಲು ಹಿಂಗಾಲು ಹೊರಗೆ ಬಂತು, ಆಮೇಲೆ ಹೊಟ್ಟೆ, ಆಮೇಲೆ ಕೊರಳು. ಗೆಜ್ಜೆಗಳಿಗೇ ಎರಡು ವರ್ಷ ಹಿಡಿಯಿತು. ನೆರಳಿನಲ್ಲಿ ಕಾಣುವ ಮಗ್ಗುಲನ್ನು ನೋಡಿ ಕಾಣದ ಮಗ್ಗುಲನ್ನು ಅವರು ಊಹೆಯಿಂದಲೇ ಕಡೆಯಬೇಕಿತ್ತು. ಒಂದೊಂದು ಊಹೆಗೆ ತಿಂಗಳುಗಟ್ಟಲೆ ಕೂತು ಯೋಚಿಸುತ್ತಿದ್ದರು. ಹಳೆಯವರು ಇಂಥ ಸಾವಿರ ಕಲ್ಲು ಕಡೆದಿದ್ದಾರೆ, ನನಗೆ ಒಂದಕ್ಕೇ ಬೆನ್ನು ಬಾಗಿತು ಎಂದು ನಗುತ್ತಿದ್ದರು. ಆ ನಗುವಿನಲ್ಲಿ ನೋವಿರಲಿಲ್ಲ, ದೊಡ್ಡವರ ಮನೆಗೆ ಊಟಕ್ಕೆ ಹೋಗಿ ಬಂದವರ ಸಂತೋಷವಿತ್ತು.

ಹತ್ತನೆಯ ವರ್ಷದಲ್ಲಿ ಅವರ ಕಣ್ಣು ಮಸುಕಾಗತೊಡಗಿತು. ಕಣ್ಣೊಳಗಿನ ನರ ಸೋತಿದೆ, ಇನ್ನೊಂದು ವರ್ಷ ಕಂಡರೆ ಹೆಚ್ಚು ಎಂದು ದೊಡ್ಡ ಆಸ್ಪತ್ರೆಯವರು ಹೇಳಿದರಂತೆ. ಹಾಗಾಗಿ ಮುಂದಿನ ಮಾರ್ಗಶಿರಕ್ಕೆ ಕಲ್ಲು ಏರಿಸುವುದೆಂದು ನಿಶ್ಚಯವಾಯಿತು. ಎಲೆತೋಟದ ಅಂಚಿನಲ್ಲಿ ಬಿದಿರಿನ ಅಟ್ಟಣಿಗೆ ಕಟ್ಟಲು ಪುರಸಭೆ ಒಪ್ಪಿಗೆ ಕೊಟ್ಟಿತು, ಆದರೆ ಒಪ್ಪಿಗೆಯ ಕಾಗದದಲ್ಲಿ ಒಂದು ಷರತ್ತಿತ್ತು. ಹೊಸ ಕಲ್ಲಿನಿಂದ ಹಳೆಯ ನೆರಳಿನ ಗೆರೆ ಕೆಟ್ಟರೆ ಅದನ್ನು ಆ ದಿನವೇ ಇಳಿಸಿ ಒಡೆದುಹಾಕತಕ್ಕದ್ದು. ಗೆರೆ ಕೆಟ್ಟಿದೆಯೋ ಇಲ್ಲವೋ ಎಂದು ಬರೆದು ಸಹಿ ಹಾಕಬೇಕಾದವರು ಗೆರೆಯವರು. ಅಂದರೆ ನಾನು. ಆ ಕಾಗದವನ್ನು ನಾನು ಎಷ್ಟು ಸಲ ಓದಿದೆನೋ, ಮಡಿಕೆಯ ಜಾಗದಲ್ಲಿ ಅದು ಹರಿಯುವುದಕ್ಕೆ ಬಂದಿತ್ತು.

ಆ ದಿನಕ್ಕೆ ಇನ್ನೂ ಒಂಬತ್ತು ದಿನವಿತ್ತು. ಸಂತೆಯಲ್ಲಿ ಹೂವಿನ ಹುಸೇನಬಿಯ ಹತ್ತಿರ ನಿಂತಿದ್ದೆ. ನನ್ನ ಮುಂದಿದ್ದ ಹೆಂಗಸು ಎರಡು ಮೊಳ ಸೇವಂತಿಗೆ ಕೇಳಿದಳು. ಹುಸೇನಬಿ ಮೊಳಕೈಯಿಂದ ಬೆರಳ ತುದಿಗೆ ಮಾಲೆ ಎಳೆದು ಅಳೆಯುತ್ತಿದ್ದ ಹಾಗೆಯೇ ಆ ಹೆಂಗಸು ತಕರಾರು ತೆಗೆದಳು. ನಿನ್ನ ಗಿಡ್ಡ ಕೈಯ ಮೊಳದಲ್ಲಿ ಅರ್ಧ ಮಾಲೆ ನಿನ್ನ ಬುಟ್ಟಿಯಲ್ಲೇ ಉಳಿಯುತ್ತದೆ ಎಂದಳು. ದೇವರು ಕೊಟ್ಟದ್ದು ಇಷ್ಟೇ ಕೈ, ಬೇಕಾದರೆ ಹೋಗಿ ದೇವರನ್ನು ಕೇಳು ಎಂದು ಹುಸೇನಬಿ ಮಾಲೆಗೆ ನೀರು ಚಿಮುಕಿಸಿದಳು.

"ದೇವರನ್ನ್ಯಾಕ ಕೇಳ್ಲಿ? ಇಲ್ಲೇ ಗೆರಿ ಬಾಯಾರು ನಿಂತಾರಲ್ಲ, ಅವರ ಕೈಲೆ ಅಳಿ. ಬಿದಿರಿನಂಥ ಕೈ ಅದಾವು."

ಎಲ್ಲರೂ ನಕ್ಕರು. ನಾನೂ ನಕ್ಕು ಕೈ ಚಾಚಿದೆ. ಹುಸೇನಬಿ ಅಳೆದಿಟ್ಟ ಎರಡು ಮೊಳವನ್ನು ನನ್ನ ಕೈಗೆ ಹಿಡಿದಳು. ಎರಡನೆಯ ಮೊಳಕ್ಕೆ ಮಾಲೆ ಸಾಲಲಿಲ್ಲ. ಮಣಿಕಟ್ಟಿನ ಹತ್ತಿರವೇ ಮುಗಿದುಹೋಯಿತು.

ನನ್ನ ನಗು ಹಾಗೆಯೇ ನಿಂತಿತು. ಮೌನೇಶಪ್ಪನವರು ಕರಿಕಲ್ಲಿನ ಮೇಲೆ ಮೊಳಕೈ ಊರಿ, ಬೆರಳು ಚಾಚಿ, ಉಳಿಯಿಂದ ಗುರುತು ಹಾಕುತ್ತಿದ್ದುದನ್ನು ನಾನು ನೂರು ಸಲ ನೋಡಿದ್ದೇನೆ. ಅಳತೆ ನನ್ನ ಮೊಳದ್ದು. ಅವರು ಕಡೆದದ್ದು ತಮ್ಮ ಮೊಳದಲ್ಲಿ. ನಾನು ಅಂಕಿಗಳನ್ನು ಅನುಮಾನಿಸಿದೆ, ಅಕ್ಷರಗಳನ್ನು ಅನುಮಾನಿಸಿದೆ, ಗೋಡೆಯನ್ನು, ಬಿಸಿಲನ್ನು, ನನ್ನ ಕಣ್ಣನ್ನು ಅನುಮಾನಿಸಿದೆ. ನನ್ನ ಕೈಯ ಉದ್ದ ಎಲ್ಲರದೂ ಅಲ್ಲ ಎಂಬುದು ಹನ್ನೊಂದು ವರ್ಷ ಹೊಳೆಯಲೇ ಇಲ್ಲ. ಹೂ ತೆಗೆದುಕೊಳ್ಳದೆ ಮನೆಗೆ ಬಂದೆ.

ಮರುದಿನ ಹೇಳಿಬಿಡೋಣವೆಂದು ಅವರ ಮನೆಗೆ ಹೋದೆ. ಅವರ ಹೆಂಡತಿ ಕಾಳಮ್ಮ ಮಜ್ಜಿಗೆ ಕೊಟ್ಟರು. ಮೌನೇಶಪ್ಪನವರು ಯಾಳಿಯ ಮೈಗೆ ಎಣ್ಣೆ ಒರೆಸುತ್ತ, ಅಟ್ಟಣಿಗೆಗೆ ಎಷ್ಟು ಬಿದಿರು ಬೇಕಾಗಬಹುದು ಎಂದು ಮಾತಾಡುತ್ತಿದ್ದರು. ಮಜ್ಜಿಗೆ ಕುಡಿದು ಎದ್ದು ಬಂದೆ. ಎರಡು ದಿನ ಬಿಟ್ಟು ಮತ್ತೆ ಹೋದೆ, ಮತ್ತೆ ಹಾಗೇ ಬಂದೆ. ಮೂರನೆಯ ಸಲ ಹೋದಾಗ ಕಾಳಮ್ಮ ಲೋಟವನ್ನು ನನ್ನ ಕೈಗೆ ಕೊಡದೆ ತಾವೇ ಹಿಡಿದುಕೊಂಡು ನಿಂತರು.

"ಮೂರು ಸಲ ಬಂದ್ರಿ, ಮೂರು ಸಲ ಮಜ್ಜಿಗಿ ಕುಡದ್ರಿ. ನಮ್ಮನಿ ಮಜ್ಜಿಗಿ ಅಷ್ಟು ರುಚಿ ಇಲ್ಲ ಅಂತ ನನಗೂ ಗೊತ್ತೈತಿ ಬಾಯಾರ. ಹೊಟ್ಟ್ಯಾಗ ಏನೈತಿ ಹೇಳ್ರಿ."

ಹೇಳುವ ಧೈರ್ಯ ಆಗಲೂ ಬರಲಿಲ್ಲ. ಮೌನೇಶಪ್ಪನವರ ಹತ್ತಿರ ಹೋಗಿ ಕೈ ಚಾಚಿರಿ ಎಂದೆ. ಅವರು ಗೊತ್ತಾಗದೆ ಬಲಗೈಯನ್ನು ಯಾಳಿಯ ಬೆನ್ನ ಮೇಲೆ ಚಾಚಿದರು. ಅದರ ಪಕ್ಕದಲ್ಲಿ, ಮೊಳಕೈಗೆ ಮೊಳಕೈ ಸರಿಯಾಗಿ ಇಟ್ಟು, ನನ್ನ ಕೈ ಚಾಚಿದೆ. ನನ್ನ ಬೆರಳುಗಳು ಅವರ ಬೆರಳುಗಳನ್ನು ದಾಟಿ ಮುಂದೆ ಹೋಗಿದ್ದವು. ಅವರು ಮುಖವನ್ನು ತೀರ ಹತ್ತಿರ ತಂದು ನೋಡಿದರು. ಕಣ್ಣಿನ ಮೇಲೆ ಭರವಸೆ ಸಾಲದೆ ಎಡಗೈ ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. ಎರಡೂವರೆ ಬೆರಳು. ಆಮೇಲೆ ಆ ಹೆಬ್ಬೆರಳನ್ನು ಕಲ್ಲಿನ ನೆತ್ತಿಯಿಂದ ಹಿಮ್ಮಡಿಯವರೆಗೆ ಎಳೆದುಕೊಂಡು ಹೋದರು. ಕಾಳಮ್ಮ, ಹನ್ನೊಂದು ವರ್ಷ ಇಬ್ಬರೂ ಒಂದೇ ಕಲ್ಲಿನ ಮುಂದೆ ಕೂತು ಅಳತೆಯ ಮಾತಾಡಿದಿರಿ, ಒಬ್ಬರ ಕೈ ಒಬ್ಬರಿಗೆ ಕಾಣಲಿಲ್ಲವಲ್ಲ ಎಂದರು.

ತಪ್ಪು ನನ್ನದೆಂದು ಪುರಸಭೆಗೆ ಬರೆದುಕೊಡುತ್ತೇನೆ, ಏರಿಸುವುದನ್ನು ನಿಲ್ಲಿಸೋಣ, ಷರತ್ತಿನಂತೆ ಕಲ್ಲು ಒಡೆಯುವ ಪ್ರಸಂಗ ಬರುವುದು ಬೇಡ ಎಂದೆ.

"ನಿಮ್ಮ ತಪ್ಪು ಅಂತ ಬರದ್ರ ಕಲ್ಲು ಬೆಳಿತೈತೇನ್ರಿ?" ಎಂದರು ಮೌನೇಶಪ್ಪ. ಸಿಟ್ಟಿನಿಂದ ಕೇಳಲಿಲ್ಲ, ನಿಜವಾಗಿಯೇ ಕೇಳುವವರ ಹಾಗೆ ಕೇಳಿದರು. ಆಮೇಲೆ ಎಣ್ಣೆಬಟ್ಟೆಯನ್ನು ಮತ್ತೆ ಕೈಗೆ ತೆಗೆದುಕೊಂಡರು. "ಏರಸೂಣು. ಕೂಡದಿದ್ರ ಎಷ್ಟು ಕೂಡಲಿಲ್ಲ ಅನ್ನೂದರ ನೋಡತೀನಿ. ಮುಂದಿನ ವರ್ಷಕ್ಕ ಈ ಕಣ್ಣು ಇರಂಗಿಲ್ಲ."

ಆ ದಿನ ಚಳಿಯಿತ್ತು, ಆಕಾಶ ತೊಳೆದಂತಿತ್ತು. ಆರೂವರೆಗೇ ಊರೆಲ್ಲ ಗಿರಣಿಯ ಮುಂದೆ ಸೇರಿತ್ತು. ವೀರಭದ್ರಪ್ಪ ಗಿರಣಿ ನಿಲ್ಲಿಸಿ, ಹೆಗಲ ಮೇಲಿನ ಹಿಟ್ಟು ಕೊಡವಿಕೊಂಡು, ಗೋಡೆಯ ಹತ್ತಿರ ಯಾರೂ ಒರಗದಂತೆ ಕಾಯುತ್ತಿದ್ದರು. ಪುರಸಭೆಯ ಮುಖ್ಯಾಧಿಕಾರಿಗಳು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಬಯಲಿನ ಆಚೆ ತುದಿಯಲ್ಲಿ ಅಟ್ಟಣಿಗೆಯ ಕೆಳಗೆ ಹನ್ನೆರಡು ಆಳುಗಳು ರಾಟೆಯ ಹಗ್ಗ ಹಿಡಿದು ನಿಂತಿದ್ದರು. ನನ್ನ ಕೈಯಲ್ಲಿ ಕೆಂಪು ಬಟ್ಟೆ: ಎತ್ತಿದರೆ ಏರಿಸಬೇಕು, ಇಳಿಸಿದರೆ ನಿಲ್ಲಿಸಬೇಕು. ಮೌನೇಶಪ್ಪನವರು ನನ್ನ ಪಕ್ಕದಲ್ಲಿ ಮಡಿ ಪಂಚೆ ಉಟ್ಟು ನಿಂತಿದ್ದರು. ಕಾಳಮ್ಮ ಅವರ ತೋಳು ಹಿಡಿದಿದ್ದರು.

ಮೊದಲು ಧ್ವಜದ ನೆರಳು ಗಿರಣಿಯ ಸೂರಿನ ಮೇಲೆ ಆಡಿತು. ಆಮೇಲೆ ಸೂರುಗಳ ಮೆಟ್ಟಿಲು ಮೆಟ್ಟಿಲು ಅಂಚು ಗೋಡೆಗೆ ಇಳಿಯಿತು. ಏಳೂವರೆಗೆ ಯಾಳಿ ಬಂತು. ಎಷ್ಟು ವರ್ಷ ನೋಡಿದರೂ ಆ ಗಳಿಗೆಯಲ್ಲಿ ನಮ್ಮೂರಿನ ಜನ ಉಸಿರು ಹಿಡಿಯುತ್ತಾರೆ. ಕಲ್ಲಿಲ್ಲ, ಕಲ್ಲು ನಿಂತಿದ್ದ ಗೋಡೆಯಿಲ್ಲ, ಅದನ್ನು ಕಡೆದ ಕೈಗಳ ಮೂಳೆಯೂ ಇರಲಾರದು. ಆದರೂ ಆ ಪ್ರಾಣಿ ಈಗತಾನೇ ನೆಗೆಯುವಂತೆ ನಿಂತಿತ್ತು. ನಾನು ಕೆಮ್ಮಣ್ಣಿನ ಉಂಡೆಯಿಂದ ಅದರ ಸುತ್ತ ಅವಸರದಲ್ಲಿ ಗೆರೆ ಎಳೆದು, ಹಿಂದೆ ಸರಿದು, ಬಟ್ಟೆ ಎತ್ತಿದೆ.

ಹಳೆಯ ನೆರಳುಗಳು ಕಾಲ ಕಳೆದಂತೆ ಸ್ವಲ್ಪ ತಿಳಿಯಾಗಿವೆ, ನೀರು ಬೆರೆಸಿದ ಮಸಿಯ ಹಾಗೆ. ಹಳೆಯ ಯಾಳಿಯ ಒಳಗೆ ಕೆಳಗಿನಿಂದ ದಟ್ಟವಾದ ಕಪ್ಪೊಂದು ಏರಿ ಬರುತ್ತಿರುವುದು ಎಲ್ಲರಿಗೂ ಕಂಡಿತು. ಮೊದಲು ತಲೆ, ಆಮೇಲೆ ಮುಂಗಾಲು. ಹೊಸ ಗಂಟಲು ಹಳೆಯ ಗಂಟಲಿಗೆ ಬಂದಾಗ ನಾನು ಬಟ್ಟೆ ಇಳಿಸಿದೆ. ಬಯಲಿನ ಆಚೆ ಹಗ್ಗ ನಿಂತಿತು.

ಹಳೆಯ ಯಾಳಿಯ ಒಳಗೆ ಹೊಸ ಯಾಳಿ ನಿಂತಿತ್ತು. ಸುತ್ತಲೂ ತಿಳಿ ಕಪ್ಪಿನ ಅಂಚು ಉಳಿದಿತ್ತು, ನೆತ್ತಿಯ ಮೇಲೆ ನಾಲ್ಕು ಬೆರಳು, ಹಿಮ್ಮಡಿಯ ಕೆಳಗೆ ಇನ್ನಷ್ಟು. ಹತ್ತಿರ ನಿಂತವರು ಮೌನೇಶಪ್ಪನವರ ಮುಖ ನೋಡಲಾರದೆ ತಮ್ಮ ಕಾಲು ನೋಡಿಕೊಂಡರು. ಅವರು ಕಣ್ಣು ಕಿರಿದು ಮಾಡಿ ಗೋಡೆಯ ಕಡೆ ತಿರುಗಿ, ಕೂಡಿತೇ ಎಂದು ಕೇಳಿದರು. ಹೇಳಬೇಕಾದವಳು ನಾನೇ.

"ಇಲ್ಲರಿ. ಸಣ್ಣದಾಗೇದ. ಸುತ್ತಲೂ ಅಂಚು ಕಾಣಸ್ತದ," ಎಂದೆ.

ಅವರು ಕಾಳಮ್ಮನ ಕೈ ಬಿಡಿಸಿಕೊಂಡು ಗೋಡೆಯ ಹತ್ತಿರ ಹೋದರು. ಮೂಗು ತಾಗುವಷ್ಟು ಹತ್ತಿರ ನಿಂತು, ಆಮೇಲೆ ಎರಡೂ ಅಂಗೈಗಳನ್ನು ಗೋಡೆಯ ಮೇಲೆ ಇಟ್ಟರು. ಬಿಸಿಲು ಬಿದ್ದ ಸುಣ್ಣ ಆಗಲೇ ಬೆಚ್ಚಗಾಗಿತ್ತು. ಅಂಗೈಗಳು ಬಿಸಿಲಿನಿಂದ ಹಳೆಯ ನೆರಳಿಗೆ ಇಳಿದವು, ಅಲ್ಲಿಂದ ಹೊಸ ನೆರಳಿಗೆ. ಅಲ್ಲಿ ನಿಂತವು. ಎಲ್ಲಿ ತಣ್ಣಗಿದೆ, ಎಲ್ಲಿ ಇನ್ನೂ ತಣ್ಣಗಿದೆ ಎಂದು ಅವರು ಮುಟ್ಟಿಯೇ ತಿಳಿಯುತ್ತಿದ್ದರು. ಕೊರಳಿನ ಗೆಜ್ಜೆಗಳನ್ನು ಒಂದೊಂದಾಗಿ ಮುಟ್ಟಿದರು. ಉಗುರಿನಿಂದ ಉಗುರಿಗೆ ಹೋದರು. ನಾಲಿಗೆಯ ತುದಿಗೆ ಬಂದಾಗ ತಲೆಯಾಡಿಸಿದರು.

"ಇದು ನಂದು," ಎಂದರು. ಬೆರಳು ನಾಲ್ಕು ಬೆರಳಿನಷ್ಟು ಆಚೆಗೆ ಸರಿಸಿ, "ಇದು ಅವರದು. ಎಲ್ಲೂ ಓರೆ ಇಲ್ಲ ಬಾಯಾರ. ಉಗುರಿಗಿ ಉಗುರು ಸರಿ ಐತಿ. ಬರೇ ಸಣ್ಣದು."

ಹೂವಿನ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಮುಂದಿನ ಸಾಲಿನಲ್ಲೇ ನಿಂತಿದ್ದ ಹುಸೇನಬಿ ತಲೆ ಓರೆ ಮಾಡಿ ಗೋಡೆಯನ್ನೇ ನೋಡುತ್ತಿದ್ದಳು.

"ಅಪ್ಪನ ಅಂಗಿ ಹಾಕ್ಕೊಂಡು ನಿಂತಂಗ ಐತಿ ನೋಡ್ರಿ," ಎಂದಳು.

ಒಬ್ಬರು ನಕ್ಕರು. ಇನ್ನೊಬ್ಬರು ಹೌದಲ್ಲ ಎಂದರು. ಆಮೇಲೆ ಎಲ್ಲರಿಗೂ ಅದೇ ಕಂಡಿತು. ತೋಳು ಜೋತುಬಿದ್ದ, ನೆರಿಗೆ ನೆಲಕ್ಕೆ ತಾಗುವ ಅಂಗಿಯೊಳಗೆ ಎದೆಯುಬ್ಬಿಸಿ ನಿಂತ ಮಗ. ಹಬ್ಬದ ದಿನ ತಂದೆಯ ಅಂಗಿ ತೊಟ್ಟು ಬೀದಿಗೆ ಬಂದವನ ಠೀವಿಯೆಲ್ಲ ಆ ಎತ್ತಿದ ಮುಂಗಾಲುಗಳಲ್ಲಿತ್ತು. ನಗು ಗಿರಣಿಯಿಂದ ಸೊಪ್ಪಿನವರ ಸಾಲಿನವರೆಗೆ ಹೋಯಿತು. ಮೌನೇಶಪ್ಪನವರು ಗೋಡೆಯಿಂದ ಕೈ ತೆಗೆಯದೆ ಕೇಳಿಸಿಕೊಂಡರು. ಅವರ ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾರೆಂದು ನಾನು ಹೆದರಿದೆ. ತಿರುಗಿದಾಗ ನೋಡಿದರೆ ಅವರೂ ನಗುತ್ತಿದ್ದರು.

ಮುಖ್ಯಾಧಿಕಾರಿಗಳು ಮಾತ್ರ ನಗಲಿಲ್ಲ. ಅವರು ಕೆಟ್ಟವರೇನಲ್ಲ, ಕಾಗದದಂತೆ ನಡೆಯುವವರು. ಕುರ್ಚಿಯಿಂದ ಎದ್ದು ಬಂದು, ಒಂದಿದ್ದ ಕಡೆ ಎರಡು ಕಾಣುತ್ತಿದೆ, ಇದಕ್ಕಿಂತ ಗೆರೆ ಕೆಡುವುದು ಇನ್ನೇನು, ಇಳಿಸಲು ಬರೆದು ಸಹಿ ಹಾಕಿ ಎಂದು ನನ್ನ ಮುಂದೆ ಕಾಗದ ಹಿಡಿದರು. ಆಳುಗಳು ಹಗ್ಗ ಹಿಡಿದು ಕಾಯುತ್ತಿದ್ದರು. ಅಲ್ಲಿಯವರೆಗೆ ನಾನು ಮೇಲಿನವರ ಮಾತಿಗೆ ಎದುರು ಹೇಳಿದವಳಲ್ಲ. ನನ್ನ ಮಾತೇ ಸರಿ ಎಂದು ನನಗೆ ಯಾವತ್ತೂ ಅನ್ನಿಸಿದ್ದಿಲ್ಲ. ಗೋಡೆಯ ಹತ್ತಿರ ಹೋದೆ. ಕೆಮ್ಮಣ್ಣಿನ ಗೆರೆಯ ಉದ್ದಕ್ಕೂ ನೆತ್ತಿಯಿಂದ ಶುರುಮಾಡಿ, ಬೆನ್ನು, ಬಾಲ, ಹಿಂಗಾಲು, ಹೊಟ್ಟೆ, ಮುಂಗಾಲು, ದವಡೆ, ಮತ್ತೆ ನೆತ್ತಿ ಹೀಗೆ ಬೆರಳಿಟ್ಟು ನೋಡುತ್ತಾ ಬಂದೆ. ಹಳೆಯ ನೆರಳು ತನ್ನ ಗೆರೆಯನ್ನು ಎಲ್ಲಿಯೂ ಬಿಟ್ಟಿರಲಿಲ್ಲ. ಹೊಸದು ಎಲ್ಲಿಯೂ ಅದನ್ನು ದಾಟಿರಲಿಲ್ಲ. ನನ್ನ ಮೊಳದಲ್ಲಿಯೇ ಕಡೆದಿದ್ದರೆ ಉಳಿಯ ಒಂದು ಏಟು ಹೆಚ್ಚುಕಡಿಮೆಯಾಗಿ ಎಲ್ಲಾದರೂ ಕೂದಲೆಳೆಯಷ್ಟು ದಾಟಿಬಿಡುತ್ತಿತ್ತು, ಸಂಜೆಗೆ ಕಲ್ಲು ಒಡೆದು ರಸ್ತೆಗೆ ಹೋಗುತ್ತಿತ್ತು. ಅದು ನನಗೆ ಆಗ ಹೊಳೆಯಿತು. ಎರಡನೆಯ ಸಲ ಸುತ್ತಿ ನೋಡಿದೆ, ಮೂರನೆಯ ಸಲವೂ ನೋಡಿದೆ. ನೆರಳು ಸರಿಯಲು ಶುರುವಾಗಿತ್ತು. ಎರಡೂ ಒಟ್ಟಿಗೇ ಸರಿಯುತ್ತಿದ್ದವು. ಕಾಗದ ಇಸಿದುಕೊಂಡು, ಗೆರೆ ಕೆಟ್ಟಿಲ್ಲ ಎಂದು ಬರೆದು ಸಹಿ ಹಾಕಿದೆ. ಕಾಗದ ಈಗಲೂ ದಫ್ತರದಲ್ಲಿದೆ, ಯಾರು ಬೇಕಾದರೂ ನೋಡಬಹುದು.

ಯುಗಾದಿಯ ಹೊತ್ತಿಗೆ ಬಿದಿರಿನ ಅಟ್ಟಣಿಗೆಯ ಜಾಗದಲ್ಲಿ ಕಲ್ಲಿನ ಕಂಬ ಬಂತು. ಅದೂ ಅರಮನೆಯ ನೆರಳಿನ ಒಳಗೇ ನಿಲ್ಲುವಂತೆ ಸಣ್ಣದಾಗಿ ಕಟ್ಟಿದರು. ಯಾಳಿ ಅದರ ಮೇಲೆ ಕೂತಿದೆ. ಎಲೆತೋಟದವರು ಅದರ ಹೊಟ್ಟೆಯವರೆಗೆ ಒಂದು ಬಳ್ಳಿ ಹಬ್ಬಿಸಿದ್ದಾರೆ. ಊರಿನಲ್ಲಿ ಅಂಗಿ ದೊಡ್ಡದಾದವರನ್ನು ಕಂಡರೆ ಈಗ ಗಿರಣಿ ಯಾಳಿ ಎಂದು ಛೇಡಿಸುತ್ತಾರೆ. ನಾನು ಎರಡು ಕೆಲಸ ಮಾಡಿದೆ. ದಫ್ತರದಲ್ಲಿ ಯಾರು ಕಟ್ಟಿಸಿದ್ದು ಎಂಬ ಒಂದು ಅಂಕಣ ಮೊದಲಿನಿಂದ ಇತ್ತು, ಅಲ್ಲೆಲ್ಲ ಅರಸರು, ಅರಸರು ಎಂದೇ ಬರೆದಿದೆ. ಅದರ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದು ಯಾರು ಕಡೆದದ್ದು ಎಂದು ಬರೆದೆ. ಹಳೆಯವುಗಳ ಎದುರು ಖಾಲಿ ಬಿಟ್ಟಿದ್ದೇನೆ, ಹೊಸ ಯಾಳಿಯ ಎದುರು ಮೌನೇಶಪ್ಪ ಎಂದು ಬರೆದಿದ್ದೇನೆ. ಇನ್ನು ದಫ್ತರದ ಮೊದಲ ಪುಟಗಳನ್ನು ಬಿಚ್ಚಿ, ಎರಡು ಹಾಳೆ ಅಂಟಿಸಿ, ಅದರ ಮೇಲೆ ನನ್ನ ಕೈ ಚಾಚಿ ಪೆನ್ಸಿಲಿನಿಂದ ಸುತ್ತ ಗೆರೆ ಎಳೆದೆ. ಕೆಳಗೆ, ಇದು ಈ ಪುಸ್ತಕದ ಮೊಳ ಎಂದು ಬರೆದು ತಾರೀಖು ಹಾಕಿದೆ. ನನ್ನ ನಂತರ ಬರುವವರು ತಪ್ಪಬಾರದು.

ಮೌನೇಶಪ್ಪನವರಿಗೆ ಈಗ ಏನೂ ಕಾಣುವುದಿಲ್ಲ. ಪ್ರತಿ ಮಾರ್ಗಶಿರದಲ್ಲಿ ಕಾಳಮ್ಮ ಅವರನ್ನು ಗಿರಣಿಯ ಗೋಡೆಗೆ ಕರೆದುಕೊಂಡು ಬರುತ್ತಾರೆ. ಅವರು ಅಂಗೈ ಇಟ್ಟು, ತಮ್ಮದನ್ನು ಮುಟ್ಟಿ, ಹಳೆಯವರದನ್ನು ಮುಟ್ಟಿ, ನಂತರ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ: ಈ ವರ್ಷವಾದರೂ ಅಂಗಿ ಬಿಗಿಯಾಯಿತೇ? ನಾನು ಅಳೆದು ಇನ್ನೂ ಸಡಿಲವಿದೆ ಎನ್ನುತ್ತೇನೆ. ಜನ ನಗುತ್ತಾರೆ. ಇರಲಿ, ಬೆಳೆಯಲಿ ಎಂದು ಅವರು ಕೋಲು ಊರಿಕೊಂಡು ಹೊರಡುತ್ತಾರೆ. ನಾಲ್ಕು ವರ್ಷ ಹೀಗೇ ನಡೆಯಿತು.

ಈ ವರ್ಷ ಅವರಿಗೆ ಜ್ವರವಿತ್ತು, ಬರಲಿಲ್ಲ. ನಾನೊಬ್ಬಳೇ ಗೋಡೆಯ ಹತ್ತಿರ ನಿಂತು ಅಳೆದೆ. ನೆತ್ತಿಯ ಮೇಲಿನ ಅಂಚು ಮೂರು ಬೆರಳು ಬಂತು. ನಾಲ್ಕು ಬರಬೇಕಿತ್ತು. ನಾನು ಎಷ್ಟು ಸಲ ಅಳೆದೆ ಎಂದು ಹೇಳಿದರೆ ನಗುತ್ತೀರಿ. ವಯಸ್ಸಿಗೆ ಬೆರಳು ದಪ್ಪವಾಗಿರಬಹುದು ಎಂದುಕೊಂಡು ಓಡುತ್ತಲೇ ಕಚೇರಿಗೆ ಹೋಗಿ, ದಫ್ತರದ ಮೊದಲ ಪುಟ ತೆಗೆದು, ನನ್ನ ಕೈಯನ್ನು ಆ ಪೆನ್ಸಿಲ್ ಗೆರೆಯ ಮೇಲೆ ಇಟ್ಟು ನೋಡಿದೆ. ಮೊಳಕೈಗೆ ಮೊಳಕೈ, ಬೆರಳಿಗೆ ಬೆರಳು, ಸ್ವಲ್ಪವೂ ವ್ಯತ್ಯಾಸವಿರಲಿಲ್ಲ. ಬಂದದ್ದನ್ನು ಬಂದ ಹಾಗೆ ಬರೆದೆ: ಮೂರು ಬೆರಳು.

ಅಲ್ಲಿಂದ ನೇರವಾಗಿ ಅವರ ಮನೆಗೆ ಹೋದೆ. ಕಾಳಮ್ಮ ಮಜ್ಜಿಗೆ ತಂದರು. ಅಂಗಿ ಒಂದು ಬೆರಳು ಬಿಗಿಯಾಗಿದೆ ಎಂದು ನಾನು ಲೋಟ ಮುಟ್ಟುವುದಕ್ಕೆ ಮೊದಲೇ ಹೇಳಿಬಿಟ್ಟೆ.